ಬೀಟೆ, ನೂರಕ್ಕೆ ತೊಂಬತ್ತೆಂಟು

ಹುಣಸೂರಿನ ಬಡಗಿ ಖದೀರನ ಮಗಳು ಮೆಹನಾಜ್ ಯಾವುದಕ್ಕೆ ಹೆದರುವುದಿಲ್ಲ ಎಂದು ಕೇಳಿದರೆ ಉತ್ತರ ಬೇಗ ಮುಗಿಯುತ್ತದೆ. ಹಲ್ಲಿಗೆ ಹೆದರುವುದಿಲ್ಲ, ಅಷ್ಟೆ. ಮಿಕ್ಕಿದ್ದಕ್ಕೆಲ್ಲ ಹೆದರುತ್ತಾಳೆ. ಬಸ್ಸಿನಲ್ಲಿ ಕಂಡಕ್ಟರನ ಬಳಿ ಉಳಿದ ಚಿಲ್ಲರೆ ಕೇಳಲು ಹೆದರಿ ಸುಮ್ಮನೆ ಇಳಿದು ಬರುತ್ತಾಳೆ. ಗೊತ್ತಿಲ್ಲದ ನಂಬರಿನಿಂದ ಫೋನ್ ಬಂದರೆ ಅದು ಬಡಿದುಕೊಂಡು ತಣ್ಣಗಾಗುವ ತನಕ ಅದರ ಮುಖ ನೋಡುತ್ತ ಕೂರುತ್ತಾಳೆ. ಕಾಲೇಜಿನಲ್ಲಿ ಹಾಜರಿ ಕೂಗುವಾಗ ಅವಳು 'ಎಸ್ ಮ್ಯಾಮ್' ಎಂದದ್ದು ಪಕ್ಕದವಳಿಗೂ ಕೇಳುತ್ತಿರಲಿಲ್ಲ. ಮೂರು ವರ್ಷದಲ್ಲಿ ಆರು ಸಲ ಮುಂದಿನ ಬೆಂಚಿನಲ್ಲೇ ಕೂತಿದ್ದೂ ಅವಳಿಗೆ ಗೈರುಹಾಜರಿ ಬಿದ್ದಿತ್ತು. ಹೋಗಿ ಸರಿಮಾಡಿಸಿಕೊಳ್ಳಲು ಮತ್ತೆ ಭಯ.

ಇಂಥವಳು ರಿಸರ್ಚ್ ಮಾಡಲು ಹೊರಟಳೆಂದರೆ ಅದಕ್ಕೂ ಭಯವೇ ಕಾರಣ.

ಬಿಸಿಎ ಮೂರು ವರ್ಷಕ್ಕೆ ಮುಗಿಯುತ್ತದೆ. ಬೇಕೆಂದವರು ನಾಲ್ಕನೆಯ ವರ್ಷವೂ ಉಳಿದು ಆನರ್ಸ್ ಪದವಿ ತೆಗೆದುಕೊಳ್ಳಬಹುದು. ಐವತ್ತೆರಡು ಜನರ ತರಗತಿಯಲ್ಲಿ ಉಳಿದವರು ಐದೇ ಮಂದಿ. ಕೆ.ಆರ್. ನಗರದಿಂದ ದಿನಾ ಬಸ್ಸಿನಲ್ಲಿ ಬಂದು ಪಾಠ ಮಾಡುವ ಯಶೋಧರಾ ಮೇಡಂ ಆ ಐವರನ್ನೂ ಲ್ಯಾಬಿನಲ್ಲಿ ಕೂರಿಸಿಕೊಂಡು ಇರುವ ದಾರಿಗಳನ್ನು ಬಿಡಿಸಿ ಹೇಳಿದರು. ಮಾಮೂಲಿನಂತೆ ತರಗತಿಗೆ ಬಂದು ಇನ್ನಷ್ಟು ವಿಷಯ ಓದಬಹುದು. ಇಲ್ಲವೇ ಒಬ್ಬ ಅಧ್ಯಾಪಕರ ಕೈಕೆಳಗೆ ತನಗಿಷ್ಟವಾದ ಒಂದು ವಿಷಯವನ್ನು ತಾನೇ ಓದಿಕೊಂಡು ವಾರವಾರ ಎಲ್ಲರೆದುರು ನಿಂತು ಒಪ್ಪಿಸಬಹುದು. ಎಪ್ಪತ್ತೈದಕ್ಕಿಂತ ಹೆಚ್ಚು ಅಂಕ ಇದ್ದವರು ವರ್ಷಪೂರ್ತಿ ಒಂದೇ ಪ್ರಶ್ನೆ ಹಿಡಿದು ಪ್ರಬಂಧ ಬರೆದು, ಕೊನೆಗೆ ಹೊರಗಿನಿಂದ ಬಂದ ಪರೀಕ್ಷಕರಿಗೆ ಒಮ್ಮೆ ಉತ್ತರ ಹೇಳಬಹುದು. ಮೆಹನಾಜ್‌ಗೆ ಎಂಬತ್ತೊಂದು ಇತ್ತು. ವಾರವಾರ ಬಾಯಿ ಬಿಡುವುದಕ್ಕಿಂತ ವರ್ಷಕ್ಕೊಮ್ಮೆ ಬಿಡುವುದು ವಾಸಿ ಎಂದು ಅವಳು ಕೊನೆಯದನ್ನು ಆರಿಸಿಕೊಂಡಳು. ಧೈರ್ಯವಂತೆ ಎಂದು ಮೇಡಂ ಬೆನ್ನು ತಟ್ಟಿದರು.

"ಪ್ರಶ್ನೆ ಎಲ್ಲಿಂದ ತರ್ತೀಯ? ಇಂಟರ್‌ನೆಟ್ಟಿಂದ ಎತ್ಕೊಂಡು ಬರೋದು ಬೇಡ. ನಿಮ್ಮನೇಲಿ ಏನು ಕೆಲಸ ಮಾಡ್ತಾರೆ?" ಎಂದು ಕೇಳಿದರು.

"ಮರಗೆಲಸ ಮ್ಯಾಮ್."

"ನಿಮ್ಮ ತಂದೆಗೆ ಗೊತ್ತಿರೋದು, ಬೇರೆಯವರಿಗೆ ಗೊತ್ತಿಲ್ದೆ ಇರೋದು ಏನಾದ್ರೂ ಇದೆಯಾ?"

ಮೆಹನಾಜ್, ಅಬ್ಬಾ ಕೊಯ್ದ ಮರದ ತುದಿ ನೋಡಿಯೇ ಅದು ಯಾವ ಮರವೆಂದು ಹೇಳುತ್ತಾರೆ ಎಂದಳು. ಹಾಗಾದರೆ ಅದನ್ನು ಫೋನಿಗೆ ಕಲಿಸು ಎಂದರು ಮೇಡಂ. ಅವಳ ಪ್ರಬಂಧದ ಹುಟ್ಟು ಇಷ್ಟೆ.

ಕಲಿಸುವುದೆಂದರೆ ತೋರಿಸುವುದು. ಒಂದೊಂದು ಜಾತಿಯ ಮರದ ನೂರಾರು ಫೋಟೊ ತೆಗೆದು, ಇದು ತೇಗ, ಇದು ಮತ್ತಿ ಎಂದು ಹೆಸರು ಹಚ್ಚಿ ಕಂಪ್ಯೂಟರಿಗೆ ಕೊಟ್ಟರೆ ಅದು ತನ್ನಷ್ಟಕ್ಕೆ ತಾನೇ ಗುರುತು ಹಿಡಿದುಕೊಳ್ಳುತ್ತದೆ. ಏಳು ತಿಂಗಳು, ಪ್ರತಿ ಭಾನುವಾರ, ಖದೀರ್ ತನ್ನ ಸ್ಕೂಟರಿನ ಹಿಂದೆ ಮಗಳನ್ನು ಕೂರಿಸಿಕೊಂಡು ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆ, ಕೆ.ಆರ್. ನಗರ ಎಂದು ಸಾಮಿಲ್ಲುಗಳನ್ನೆಲ್ಲ ಸುತ್ತಿದ. ಅವನು ಹೆಸರು ಹೇಳುತ್ತಿದ್ದ, ಅವಳು ಫೋಟೊ ತೆಗೆಯುತ್ತಿದ್ದಳು. ಒಂಬತ್ತು ಜಾತಿ, ಎರಡು ಸಾವಿರದ ನೂರ ನಲವತ್ತು ಫೋಟೊ. ಮಿಲ್ಲಿನವರ ಹತ್ತಿರ ಮಾತಾಡುವ ಕಷ್ಟ ಅಬ್ಬಾನ ಪಾಲಿಗೆ ಹೋಗಿದ್ದರಿಂದ ಅವಳ ಬದುಕಿನಲ್ಲಿ ಅಷ್ಟು ಸುಖದ ಭಾನುವಾರಗಳು ಹಿಂದೆ ಬಂದಿರಲಿಲ್ಲ.

ಖದೀರನಿಗೆ ಒಂದು ಅಭ್ಯಾಸ. ಅವನ ಓರಗೆಯ ಬಡಗಿಗಳಿಗೆಲ್ಲ ಇರುವಂಥದೇ. ಬೀಟೆಯೋ ತೇಗವೋ ಕಣ್ಣಿಗೆ ಬಿದ್ದರೆ ಒದ್ದೆ ಬಟ್ಟೆಯಿಂದ ಅದರ ಕೊಯ್ದ ಮುಖವನ್ನು ಒಮ್ಮೆ ಒರೆಸುತ್ತಾನೆ. ನೀರು ತಾಗಿದರೆ ಹೊಟ್ಟು ಧೂಳು ಹೋಗಿ ಎಳೆ ಎದ್ದು ಕಾಣುತ್ತದೆ, ಬಣ್ಣ ಹೊಳೆಯುತ್ತದೆ. ಒಳ್ಳೆಯ ಮರಕ್ಕೆ ಮಾಡುವ ಮರ್ಯಾದೆ ಅದು. ಸಿಲ್ವರ್ ಓಕ್, ನೀಲಗಿರಿ, ಮಾವು, ಬಾಗೆ ಇಂಥವಕ್ಕೆ ಯಾರೂ ಬಟ್ಟೆ ಒದ್ದೆ ಮಾಡಿಕೊಳ್ಳುವ ತಂಟೆಗೆ ಹೋಗುವುದಿಲ್ಲ. ಬೆರಳಲ್ಲಿ ಧೂಳು ಕೊಡವಿ ಮುಂದೆ ಹೋಗುತ್ತಾರೆ. ಅಂಬೆಗಾಲಿಡುವ ವಯಸ್ಸಿನಿಂದ ಶೆಡ್ಡಿನ ಹೊಟ್ಟಿನಲ್ಲೇ ಆಡಿ ಬೆಳೆದ ಮೆಹನಾಜ್ ಇದನ್ನು ಎಷ್ಟು ಸಲ ನೋಡಿದ್ದಳೆಂದರೆ, ನೋಡುವುದನ್ನೇ ಬಿಟ್ಟಿದ್ದಳು.

ಫಲಿತಾಂಶ ಬಂದಾಗ ಮೇಡಂ ಕುರ್ಚಿಯಿಂದ ಎದ್ದು ನಿಂತರು. ಹೆಸರು ಹೇಳದೆ ಪಕ್ಕಕ್ಕೆ ಎತ್ತಿಟ್ಟಿದ್ದ ಫೋಟೊಗಳಲ್ಲಿ ನೂರಕ್ಕೆ ತೊಂಬತ್ತಾರು ಸರಿ. ಕಾಡಿನಂಚಿನ ಊರುಗಳಲ್ಲಿ ಸಿಗ್ನಲ್ ಇರುವುದಿಲ್ಲವೆಂದು ಮೆಹನಾಜ್ ಅದನ್ನು ನೆಟ್ ಇಲ್ಲದೆಯೂ ನಡೆಯುವ ಆ್ಯಪ್ ಮಾಡಿಟ್ಟಳು. ಒಂದು ಸಲ ಫೋನಿಗೆ ಹಾಕಿಕೊಂಡರೆ ಆಯಿತು, ಆಮೇಲೆ ಯಾರ ಹಂಗೂ ಇಲ್ಲ. ತಾನು ಮಾಡಿದ್ದರಲ್ಲಿ ಅವಳಿಗೆ ಅತಿ ಹೆಮ್ಮೆ ಇದ್ದದ್ದು ಇದರ ಬಗ್ಗೆಯೇ.

ಖದೀರನ ಹೆಮ್ಮೆಗೆ ಮಾತ್ರ ಲಂಗುಲಗಾಮು ಇರಲಿಲ್ಲ. ಮಿಲ್ಲಿನವರ ಫೋನಿಗೆ ಹಾಕಿಕೊಟ್ಟ. ಗಿರಾಕಿಗಳ ಫೋನಿಗೆ ಹಾಕಿಕೊಟ್ಟ. ಪಿರಿಯಾಪಟ್ಟಣದಾಚೆಯ ಕೊಪ್ಪದ ಸಂತೆಯಲ್ಲಿ ಟೀ ಕುಡಿಯುತ್ತಿದ್ದಾಗ ಪಕ್ಕದಲ್ಲಿ ಕೂತವನ ಫೋನಿಗೂ ಹಾಕಿಕೊಟ್ಟು ಬಂದ. ಕೋಟೆ ಕಡೆಯ ರಸ್ತೆಯಲ್ಲಿ ಮರದ ಗಾಡಿಗಳನ್ನು ತಡೆದು ನೋಡುವ ಅರಣ್ಯ ಇಲಾಖೆಯ ಚೆಕ್‌ಪೋಸ್ಟೊಂದಿದೆ. ಅಲ್ಲಿನ ಗಾರ್ಡು ಮಹೇಶ್ಕುಮಾರ್ ಹತ್ತು ವರ್ಷದ ಪರಿಚಯದವನು. ಅವನ ಫೋನಿಗೂ ಹಾಕಿ, "ನನ್ ಮಗಳು ಮಾಡಿರೋದು ಸಾರ್, ಕಂಪ್ಯೂಟರ್ರೇ ಹೇಳ್ತದೆ" ಎಂದು ಬೀಗಿ ಬಂದಿದ್ದ. ಮನೆಯಲ್ಲಿ ಅಜ್ಜಿ ಬಷೀರಾಬಿ, ಹೀಗೆ ಊರೆಲ್ಲ ಹಂಚಿಕೊಂಡು ಬಂದರೆ ಹುಡುಗಿಗೆ ದೃಷ್ಟಿಯಾಗುತ್ತದೆ ಎಂದು ಗೊಣಗುತ್ತಿದ್ದಳು.

ಜುಲೈ ತಿಂಗಳ ಒಂದು ಬುಧವಾರ. ನಾಲ್ಕು ದಿನದಿಂದ ಮಳೆ ಬಿಟ್ಟಿರಲಿಲ್ಲ. ಮಾರನೆಯ ದಿನ ಹತ್ತೂವರೆಗೆ ವೈವಾ. ಮೈಸೂರಿನಿಂದ ಪರೀಕ್ಷಕರು ಬರುತ್ತಾರೆ, ಅವರು ಒಪ್ಪಿದರೆ ಆನರ್ಸ್ ಕೈಗೆ ಬರುತ್ತದೆ, ಒಪ್ಪದಿದ್ದರೆ ವರ್ಷವೂ ಹೋಗಿ ಬರೀ ಮೂರು ವರ್ಷದ ಪದವಿ ಉಳಿಯುತ್ತದೆ. ಎರಡು ದಿನದಿಂದ ಮೆಹನಾಜ್‌ಗೆ ಊಟ ಸೇರಿರಲಿಲ್ಲ. 'ಗುಡ್ ಮಾರ್ನಿಂಗ್ ಸರ್' ಎಂಬುದನ್ನೇ ಕನ್ನಡಿಯ ಮುಂದೆ ಮೂವತ್ತು ಸಲ ಹೇಳಿ ನೋಡಿದ್ದಳು.

ಹತ್ತು ಗಂಟೆಗೆ ಅಬ್ಬಾನ ಫೋನ್ ಬಂತು. ಬೆಳಿಗ್ಗೆ ಏಳಕ್ಕೇ ಯಾರೋ ಕರೆದರೆಂದು ಅವಸರದಲ್ಲಿ ಸ್ಕೂಟರ್ ಹತ್ತಿ ಹೋಗಿದ್ದವನು.

"ಬೇಟಾ, ಚೆಕ್‌ಪೋಸ್ಟ್ ಹತ್ರ ಇದೀನಿ. ಬೀಚನಹಳ್ಳಿ ಕಡೆಯೋರು ಚೆಲುವಯ್ಯ ಅಂತ, ಮನೆ ಬಾಗಿಲು ಮಾಡಿಸೋಕೆ ನಮ್ ಶೆಡ್ಡಿಗೆ ಮರ ತರ್ತಿದ್ರು. ಅವರದೇ ಹೊಲದ ಬಾಗೆ ಮರ. ಮರ ಸಾಗಿಸೋಕೆ ಊರಲ್ಲಿ ಕೊಟ್ಟ ಚೀಟೀಲೂ ಬಾಗೆ ಅಂತಾನೇ ಅದೆ. ಇಲ್ಲಿ ಹಿಡಿದು ಕೂರಿಸವ್ರೆ."

"ಯಾಕೆ ಅಬ್ಬಾ?"

"ನಿನ್ ಆ್ಯಪ್ ಅದನ್ನ ಬೀಟೆ ಅಂತದೆ. ನೂರಕ್ಕೆ ತೊಂಬತ್ತೆಂಟು ಬೀಟೆ."

ಬೀಟೆ ಎಂದರೆ ಏನೆಂದು ಬಡಗಿಯ ಮನೆಯಲ್ಲಿ ಹುಟ್ಟಿದವರಿಗೆ ಹೇಳಿಕೊಡಬೇಕಿಲ್ಲ. ಅಪ್ಪಣೆಯಿಲ್ಲದೆ ಒಂದು ತುಂಡು ಸಿಕ್ಕರೂ ಕೇಸು, ಕೋರ್ಟು, ಜೈಲು. ಚೀಟಿಯಲ್ಲಿ ಒಂದು ಮರ, ಗಾಡಿಯಲ್ಲಿ ಇನ್ನೊಂದು ಎಂದರೆ ಅದು ಕಳ್ಳಸಾಗಣೆಯವರ ಹಳೆಯ ಕೈಚಳಕವೆಂದು ಯಾರಿಗಾದರೂ ಅನುಮಾನ ಬರುತ್ತದೆ.

"ನೀವು ಹೇಳಿ ಅಬ್ಬಾ. ನೀವು ನೋಡಿದ್ರಲ್ಲ."

"ಹೇಳ್ದೆ. ಮೂವತ್ತು ವರ್ಷದಿಂದ ಮರ ಕೊಯ್ತಾ ಇದೀನಿ, ಇದು ಬಾಗೆ ಅಂದೆ. ಮಹೇಶ್ಕುಮಾರ್ ಏನಂದ್ರು ಗೊತ್ತಾ? ಖದೀರ್ ಸಾಬ್ರೆ, ಮರ ನಿಮ್ ಶೆಡ್ಡಿಗೇ ಹೋಯ್ತಿತ್ತು, ನೀವು ಇನ್ನೇನ್ ಹೇಳ್ತೀರಿ. ಕಂಪ್ಯೂಟರ್ರೇ ಹೇಳ್ತದೆ ಅಂತ ಅವತ್ತು ನೀವೇ ಹೇಳಿದ್ರಲ್ಲ, ಅಂದ್ರು."

ಆ್ಯಪಿಗೆ ಪ್ರತಿಯೊಂದು ಮರದ ಹೆಸರನ್ನೂ ಹೇಳಿಕೊಟ್ಟವನು ಖದೀರ್. ಈಗ ಅದರ ಮಾತಿನ ಮುಂದೆ ಅವನ ಮಾತು ನಡೆಯುತ್ತಿರಲಿಲ್ಲ.

"ಅದಕ್ಯಾಕೆ ಹಂಗೆ ಕಾಣ್ತು ಅಬ್ಬಾ? ನಮ್ ಫೋಟೊದಲ್ಲಿ ಬಾಗೇನೂ ಇತ್ತಲ್ಲ, ಇನ್ನೂರು ಫೋಟೊ ಇತ್ತು."

"ಏನೋ ಬೇಟಾ. ನಾಕ್ ದಿನ ಮಳೇಲಿ ನೆಂದು ಕರ್ರಗಾಗದೆ, ಅಷ್ಟೆ. ಒರೆಸಿಟ್ಟ ಬೀಟೆ ಥರಾನೇ ಹೊಳೀತದೆ."

ಫೋನ್ ಇಟ್ಟ ಮೇಲೆ ಮೆಹನಾಜ್ ಆ ಮಾತನ್ನೇ ಮತ್ತೊಮ್ಮೆ ಹೇಳಿಕೊಂಡಳು. ಒರೆಸಿಟ್ಟ ಬೀಟೆ. ಆಮೇಲೆ ಮಳೆಯಲ್ಲೇ ಹಿತ್ತಲ ಶೆಡ್ಡಿಗೆ ಓಡಿದಳು. ಮೂಲೆಯಲ್ಲಿ ಸಿಲ್ವರ್ ಮರದ ಒಣ ತುಂಡೊಂದು ಬಿದ್ದಿತ್ತು. ಫೋಟೊ ತೆಗೆದಳು. ಸಿಲ್ವರ್ ಎಂದಿತು ಆ್ಯಪ್. ಅದೇ ತುಂಡನ್ನು ಸೂರಿನ ನೀರಿಗೆ ಹಿಡಿದು ಮತ್ತೆ ತೆಗೆದಳು. ಬೀಟೆ, ನೂರಕ್ಕೆ ತೊಂಬತ್ತೊಂದು. ಅಬ್ಬಾ ಹಳೆಯ ಕುರ್ಚಿಯೊಂದರ ರಿಪೇರಿಗೆಂದು ಇಟ್ಟುಕೊಂಡಿದ್ದ ನಿಜವಾದ ಬೀಟೆಯ ಕಾಲು ಅಟ್ಟದ ಮೇಲಿತ್ತು, ಧೂಳು ಹಿಡಿದು ಒಣಗಿ. ಅದನ್ನು ಇಳಿಸಿ ಫೋಟೊ ತೆಗೆದಳು. ಮಾವು ಎಂದಿತು.

ಏಳು ತಿಂಗಳು ಅದು ಮರವನ್ನು ಕಲಿತೇ ಇರಲಿಲ್ಲ. ನೀರನ್ನು ಕಲಿತಿತ್ತು. ಅಬ್ಬಾ ಒರೆಸಿದ್ದೆಲ್ಲ ಬೆಲೆಯ ಮರ, ಒರೆಸದೆ ಬಿಟ್ಟಿದ್ದೆಲ್ಲ ಅಗ್ಗದ ಮರ; ಅದರೊಳಗೆ ಯಾವುದೆಂದು ಬಣ್ಣ ನೋಡಿ ಹೇಳುತ್ತಿತ್ತು. ಪರೀಕ್ಷೆಗೆಂದು ಎತ್ತಿಟ್ಟ ಫೋಟೊಗಳ ಮರವೂ ಅದೇ ಬಟ್ಟೆಯಿಂದ ಒರೆಸಿದ್ದೇ. ತೊಂಬತ್ತಾರು ಬಾರದೆ ಇನ್ನೇನು ಬಂದೀತು. ಈ ತನಕ ಅವಳು ಪಟ್ಟ ಭಯಗಳೆಲ್ಲ ಏನೋ ಆದೀತು ಎಂಬ ಭಯಗಳು. ಇದು ಆಗಿಹೋಗಿತ್ತು, ಅವಳ ಕೈಯಿಂದಲೇ ಆಗಿತ್ತು, ಒಬ್ಬ ಮುದುಕ ಅದರ ಕೆಳಗೆ ಸಿಕ್ಕಿಕೊಂಡು ಕೂತಿದ್ದ.

ಅವಳು ಯಶೋಧರಾ ಮೇಡಂಗೆ ಫೋನ್ ಮಾಡಿದಳು. ತಾನಾಗಿ ಅವರಿಗೆ ಫೋನ್ ಮಾಡಿದ್ದು ಅದೇ ಮೊದಲು. ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದಳು. ಮೇಡಂ ಬಸ್ಸಿನಲ್ಲಿದ್ದರು.

"ಮೆಹನಾಜ್, ರಿಪೋರ್ಟಿಗೆ ನಾನೂ ಸೈನ್ ಮಾಡಿದೀನಿ" ಎಂದರು ಮೇಡಂ. "ಅವರಿಗೆ ಬಾಯಲ್ಲಿ ಹೇಳಿದ್ರೆ ಸಾಲದು. ಬರೆದುಕೊಡು ಅಂತಾರೆ. ಸಂಶೋಧನೆ ತಪ್ಪು ಅಂತ ನೀನೇ ಬರೆದುಕೊಟ್ಟ ಮೇಲೆ ನಾಳೆ ಏನಂತ ನಿಂತ್ಕೋತೀಯ? ನಾಳೆ ಒಂದು ದಿನ. ಮಧ್ಯಾಹ್ನಕ್ಕೆ ಮುಗಿಯತ್ತೆ. ಆಮೇಲೆ ಬರೆದುಕೊಡು."

"ಅಲ್ಲೀ ತನಕ ಅವರನ್ನ ಬಿಡಲ್ಲ ಮ್ಯಾಮ್."

"ಗೊತ್ತು." ಮೇಡಂ ದನಿ ತಗ್ಗಿಸಿದರು. "ನೋಡು, ಬರೀಬೇಡ ಅನ್ನೋ ಧೈರ್ಯ ನನಗಿಲ್ಲ. ಬರಿ ಅನ್ನೋ ಧೈರ್ಯವೂ ಇಲ್ಲ. ನೀನು ನನ್ನ ಮೊದಲನೇ ರಿಸರ್ಚ್ ಸ್ಟೂಡೆಂಟು."

ಮೇಡಂ ಕೆಟ್ಟವರಲ್ಲ. ಕಾಲೇಜಿನಲ್ಲಿ ಈ ಆನರ್ಸನ್ನು ಉಳಿಸಿಕೊಳ್ಳಲು ಅವರು ಎಷ್ಟು ಬಾಗಿಲು ತಟ್ಟಿದ್ದರೆಂದು ಮೆಹನಾಜ್‌ಗೆ ಗೊತ್ತಿತ್ತು. ಅದಕ್ಕೇ ಅವಳಿಗೆ ಇನ್ನೂ ಹೆಚ್ಚು ಭಯವಾಯಿತು.

ಹುಣಸೂರಿನಿಂದ ಕೋಟೆ ಬಸ್ಸು ಹತ್ತಿ ಕಿಟಕಿ ಪಕ್ಕ ಕೂತಳು. ಇಳಿದುಬಿಡಬೇಕೆಂದು ಪ್ರತಿ ಸ್ಟಾಪಿನಲ್ಲೂ ಅನ್ನಿಸಿತು. ಒಂದು ಕಡೆ ಎದ್ದೂ ಎದ್ದಳು, ಹಿಂದೆ ಹತ್ತುತ್ತಿದ್ದವರ ನೂಕಿಗೆ ಮತ್ತೆ ಕೂತಳು. ನಾಳೆ ಪಾಸಾಗಿ, ಆನರ್ಸ್ ತೆಗೆದುಕೊಂಡು, ಆಮೇಲೆ ಹೋಗಿ ಎಲ್ಲರ ಕಾಲು ಹಿಡಿದರೆ ಆಗದೇ ಎಂದು ತನ್ನನ್ನು ತಾನೇ ಕೇಳಿಕೊಂಡಳು. ಆಗುತ್ತದೆ ಎಂದೂ ಅನ್ನಿಸಿತು. ಒಂದು ದಿನ ತಾನೆ. ಇದನ್ನು ನಾನು ಅವಳ ಪರವಾಗಿ ಮುಚ್ಚಿಡುವುದಿಲ್ಲ. ಆ ಬಸ್ಸಿನಲ್ಲಿ ಅವಳು ಚೆಲುವಯ್ಯನನ್ನು ಒಂದು ದಿನದ ಮಟ್ಟಿಗೆ ಮೂರು ಸಲ ಬಿಟ್ಟುಕೊಟ್ಟಿದ್ದಳು.

ಚೆಕ್‌ಪೋಸ್ಟಿನ ಶೀಟಿನ ಮಾಡಿನ ಕೆಳಗೆ ಟ್ರಾಕ್ಟರು ನಿಂತಿತ್ತು. ಟ್ರೈಲರಿನಲ್ಲಿ ಆರು ತೊಲೆ, ನೀರಿಳಿಯುತ್ತ ಕರ್ರಗೆ ಹೊಳೆಯುತ್ತಿದ್ದವು. ಖದೀರ್ ಕಂಬಕ್ಕೆ ಒರಗಿ ನಿಂತಿದ್ದ. ಅಷ್ಟು ಸಣ್ಣಗಾಗಿ ನಿಂತ ಅಬ್ಬಾನನ್ನು ಅವಳು ಹಿಂದೆಂದೂ ನೋಡಿರಲಿಲ್ಲ. ಒಳಗೆ ಬೆಂಚಿನ ಮೇಲೆ ಅರವತ್ತೈದರ ಆಸುಪಾಸಿನ ಚೆಲುವಯ್ಯ ಎರಡೂ ಕೈ ತೊಡೆಸಂದಿಗೆ ಇಟ್ಟುಕೊಂಡು ಕೂತಿದ್ದ. ಮುಂದಿನ ಮೇಜಿನ ಮೇಲೆ ಒಂದು ಕಾಗದ, ಅದರ ಪಕ್ಕದಲ್ಲಿ ಹೆಬ್ಬೆಟ್ಟಿನ ಮಸಿ ಡಬ್ಬಿ.

"ನೀವೇಯಾ ಖದೀರಣ್ಣನ ಮಗಳು?" ಎಂದ ಚೆಲುವಯ್ಯ. ದನಿಯಲ್ಲಿ ಕೋಪವೇ ಇರಲಿಲ್ಲ. "ನಮ್ಮಪ್ಪ ನೆಟ್ಟಿದ್ದು ಕಣವ್ವ ಆ ಮರ. ಬಾಗೆ ಅಂತಾನೇ ಉಟ್ದಾಗಿಂದ ಯೋಳ್ಕೊಂಡು ಬಂದಿವ್ನಿ. ಈಗ ನೋಡುದ್ರೆ ನಿಮ್ ಮಿಸನ್ನು ಬೀಟೆ ಅಂತದೆ. ಓದಿರೋರು ಮಾಡಿರೋದು, ಅದ್ಯಾಕೆ ಸುಳ್ಳು ಯೋಳಾದು. ನಮ್ಮಪ್ಪನೇ ಗೊತ್ತಿಲ್ದೆ ಬೀಟೆ ನೆಟ್ಬುಟ್ಟಿದ್ನೋ ಏನೋ ಅಂತ ಈಗ ನಂಗೂ ಅನ್ನಿಸ್ತಾ ಅದೆ."

ಮೇಜಿನ ಮೇಲಿನ ಕಾಗದದಲ್ಲಿ ಅದೇ ಇತ್ತು. ತಿಳಿಯದೆ ಬೀಟೆ ಮರ ಸಾಗಿಸಿದ್ದೇನೆ, ತಪ್ಪಾಗಿದೆ. ಹೀಗೆ ಒಪ್ಪಿಕೊಂಡು ಬರೆದುಕೊಟ್ಟರೆ ಶಿಕ್ಷೆ ಕಮ್ಮಿಯಾಗುತ್ತದೆಂದು ಟೀ ತಂದವನೊಬ್ಬ ಪುಕ್ಕಟೆ ಬುದ್ಧಿ ಹೇಳಿ ಹೋಗಿದ್ದ. ಖದೀರ್ ಬೇಡ ಬೇಡ ಎಂದು ತಡೆದಿಟ್ಟಿದ್ದರಿಂದ ಹೆಬ್ಬೆಟ್ಟು ಇನ್ನೂ ಬಿದ್ದಿರಲಿಲ್ಲ. ಅಪ್ಪ ನೆಟ್ಟ ಮರದ ಹೆಸರನ್ನು, ಅರವತ್ತು ವರ್ಷ ಅದರ ನೆರಳಲ್ಲಿ ಕೂತ ಮನುಷ್ಯ, ಅವಳ ಫೋನಿನ ಮಾತು ಕೇಳಿ ಮರೆಯಲು ಹೊರಟಿದ್ದ. ಮೆಹನಾಜ್‌ಗೆ ತನ್ನ ಮೇಲೆಯೇ ಹೇಸಿಗೆಯಾಯಿತು.

"ಸಾರ್" ಎಂದಳು. ಮಹೇಶ್ಕುಮಾರ್ ಯಾವುದೋ ರಿಜಿಸ್ಟರಿನಿಂದ ತಲೆಯೆತ್ತಲಿಲ್ಲ. "ಸಾರ್, ಅದು ತಪ್ಪು ಹೇಳ್ತಿದೆ."

"ಯಾವ್ದಮ್ಮ?"

"ನಾನು ಮಾಡಿದ್ದು ಸಾರ್. ನನ್ನ ಆ್ಯಪು. ಅದಕ್ಕೆ ಮರ ಗೊತ್ತಿಲ್ಲ. ಒದ್ದೆ ಇದ್ರೆ ಬೀಟೆ ಅಂತದೆ."

ಮಹೇಶ್ಕುಮಾರ್ ಕನ್ನಡಕ ತೆಗೆದ. ಅವನೂ ಹೆದರಿದವನೇ. ಹಿಂದಿನ ತಿಂಗಳು ಬೇರೆಲ್ಲೋ ಬೇರೆ ಮರದ ಹೆಸರಿನಲ್ಲಿ ಒಂದು ಲೋಡು ದಾಟಿಹೋಗಿ, ಬಿಟ್ಟ ಗಾರ್ಡು ಅಮಾನತಾಗಿದ್ದ. "ನಿಮ್ ತಂದೇನ ಉಳಿಸಾಕೆ ಹಿಂಗೆ ಹೇಳ್ತಿದೀಯ ಕಣಮ್ಮ. ನಾಳೆ ರೇಂಜ್ ಸಾಹೇಬ್ರು ಕೇಳುದ್ರೆ ನಾನೇನ್ ಹೇಳ್ಲಿ?"

ಅವಳು ಸುತ್ತ ನೋಡಿದಳು. ಹೊರಗೆ ರಸ್ತೆಗೆ ಅಡ್ಡ ಇಳಿಬಿಟ್ಟಿದ್ದ ಗೇಟಿನ ಗಳ ಮಳೆಯಲ್ಲಿ ತೋಯುತ್ತಿತ್ತು. ನೀಲಗಿರಿ ಗಳ, ಕೆಂಪು ಬಿಳಿ ಬಣ್ಣ ಬಳಿದಿದ್ದರೂ ತುದಿ ಬೋಳಾಗಿತ್ತು. "ಸಾರ್, ನಿಮ್ಮ ಫೋನಿಂದ, ಆ ಗಳದ ತುದಿ ತೆಗೀರಿ" ಎಂದಳು.

ಮಹೇಶ್ಕುಮಾರ್ ಛತ್ರಿ ಹಿಡಿದು ಹೋಗಿ ಫೋಟೊ ತೆಗೆದ. ತೆಗೆದವನು ಅಲ್ಲೇ ನಿಂತ. ಮತ್ತೊಂದು ಸಲ ತೆಗೆದ. ಸರ್ಕಾರ ಹಾಕಿಸಿದ ನೀಲಗಿರಿ ಗೇಟು, ಬೀಟೆ, ನೂರಕ್ಕೆ ತೊಂಬತ್ತಾರು. ಟ್ರಾಕ್ಟರಿನ ಡ್ರೈವರ್ ಕಿಸಕ್ಕೆಂದು ನಕ್ಕುಬಿಟ್ಟ. ಬೇರೆ ಯಾರಿಗೂ ನಗು ಬರಲಿಲ್ಲ.

ಒಳಗೆ ಬಂದ ಮಹೇಶ್ಕುಮಾರ್ ಫೋನನ್ನು ಮೇಜಿನ ಮೇಲೆ ಮಗುಚಿಟ್ಟ. "ಬರಕೊಡಮ್ಮ. ನಿನ್ ಹೆಸ್ರು, ಕಾಲೇಜು, ರಿಜಿಸ್ಟರ್ ನಂಬರು ಎಲ್ಲಾ ಹಾಕಿ ಬರಕೊಡು. ಸಾಹೇಬ್ರಿಗೆ ತೋರುಸ್ತೀನಿ."

ಖದೀರ್ ಮುಂದೆ ಬಂದ. "ಬೇಟಾ, ನಾಳೆ ನಿನ್ ಪರೀಕ್ಷೆ."

"ಗೊತ್ತು ಅಬ್ಬಾ."

ಅವಳು ಬರೆದಳು. ಈ ಆ್ಯಪ್ ನಾನು ಮಾಡಿದ್ದು. ಇದಕ್ಕೆ ಮರ ಗುರುತಿಸಲು ಬರುವುದಿಲ್ಲ. ಒಣಗಿದ ಮರಕ್ಕೂ ಒದ್ದೆ ಮರಕ್ಕೂ ಇರುವ ವ್ಯತ್ಯಾಸ ಮಾತ್ರ ಇದಕ್ಕೆ ಗೊತ್ತು; ಅದು ನನ್ನ ತಪ್ಪು. ಅಷ್ಟು ಬರೆದು ಪೆನ್ನು ಎತ್ತಿದಳು. ಮತ್ತೆ ಇಟ್ಟು ಇನ್ನೊಂದು ಸಾಲು ಸೇರಿಸಿದಳು. ಮರ ಗುರುತಿಸಲು ಬರುವುದು ನನ್ನ ತಂದೆ ಖದೀರ್ ಅವರಿಗೆ ಮತ್ತು ಮರದ ಯಜಮಾನರಾದ ಚೆಲುವಯ್ಯನವರಿಗೆ. ಇದು ಬಾಗೆ ಎಂದು ಇಬ್ಬರೂ ಹೇಳಿದ್ದಾರೆ. ಸಹಿ ಹಾಕಿ, ರಿಜಿಸ್ಟರ್ ನಂಬರಿನ ಹತ್ತು ಅಂಕಿಗಳನ್ನೂ ಒಂದೊಂದಾಗಿ ಬರೆದಳು. ಪ್ರತಿ ಅಂಕಿಗೂ ನಾಲ್ಕನೆಯ ವರ್ಷ ಸ್ವಲ್ಪ ಸ್ವಲ್ಪವಾಗಿ ಕೈಬಿಟ್ಟು ಹೋಗುತ್ತಿರುವುದು ಅವಳಿಗೆ ಗೊತ್ತಾಗುತ್ತಿತ್ತು.

ಮೂರು ಗಂಟೆಗೆ ರೇಂಜ್ ಸಾಹೇಬರು ಬಂದು, ಕಾಗದ ಓದಿ, ಒಂದು ತೊಲೆಯ ತುದಿಯನ್ನು ಕೆತ್ತಿಸಿ ಮೂಸಿ ನೋಡಿ, ಬಾಗೆಯೇ ಎಂದು ಬಿಟ್ಟು ಕಳಿಸಿದರು. ಚೆಲುವಯ್ಯ ಹೋಗುವಾಗ ಅವಳಿಗೆ ಕೈ ಮುಗಿದ. ಅವನಿಂದ ಕೈ ಮುಗಿಸಿಕೊಂಡದ್ದು ಅವಳಿಗೆ ಆ ದಿನದ ಎಲ್ಲಕ್ಕಿಂತ ಕಷ್ಟವಾಯಿತು.

ಗುರುವಾರ ಹತ್ತೂವರೆಗೆ ವೈವಾ. ಮೈಸೂರಿನಿಂದ ಬಂದ ಪರೀಕ್ಷಕರು ಐವತ್ತು ದಾಟಿದ, ಮೆಲುದನಿಯ ಮನುಷ್ಯ. ಅವರ ಪಕ್ಕದಲ್ಲಿ ಯಶೋಧರಾ ಮೇಡಂ, ರಾತ್ರಿಯೆಲ್ಲ ನಿದ್ದೆಗೆಟ್ಟ ಕಣ್ಣು. ಮೆಹನಾಜ್ ಗುಡ್ ಮಾರ್ನಿಂಗ್ ಹೇಳುವುದನ್ನೇ ಮರೆತಳು. ಪ್ರಬಂಧದ ಮೊದಲ ಪುಟವನ್ನೂ ತೆರೆಯದೆ, ಇದು ತಪ್ಪು ಸರ್ ಎಂದು ಶುರು ಮಾಡಿ, ಬಟ್ಟೆ, ನೀರು, ಮಳೆ, ಚೆಕ್‌ಪೋಸ್ಟು, ಗೇಟಿನ ಗಳ ಎಲ್ಲ ಹೇಳಿದಳು. ಬರೆದುಕೊಟ್ಟ ಕಾಗದದ ನಕಲನ್ನು ಮೇಜಿನ ಮೇಲಿಟ್ಟಳು.

ಪರೀಕ್ಷಕರು ಅದನ್ನು ಎರಡು ಸಲ ಓದಿದರು. "ನಿನ್ನೆ ಮಳೆ ಬರದೇ ಇದ್ದಿದ್ದರೆ?" ಎಂದು ಕೇಳಿದರು.

ಅವಳು ಇಡೀ ರಾತ್ರಿ ತನ್ನನ್ನು ತಾನೇ ಕೇಳಿಕೊಂಡಿದ್ದ ಪ್ರಶ್ನೆ ಅದು. "ಪಾಸಾಗ್ತಿದ್ದೆ ಸರ್. ಯಾರಿಗೂ ಗೊತ್ತಾಗ್ತಿರಲಿಲ್ಲ."

ಪರೀಕ್ಷಕರು ತಮ್ಮ ಚೀಲದಿಂದ ಒಂದು ಲಕೋಟೆ ತೆಗೆದರು. ಪ್ರಬಂಧವನ್ನು ಮುಂಚೆಯೇ ಓದಿ ಅವರು ಬರೆದಿಟ್ಟುಕೊಂಡಿದ್ದ ವರದಿ ಅದರಲ್ಲಿತ್ತು. ಅತ್ಯುತ್ತಮ ಎಂದು ಬರೆದು, ಕೆಳಗೆ ಸಹಿಯನ್ನೂ ಹಾಕಿದ್ದರು. ಅದನ್ನು ಅವಳ ಕಡೆ ತಿರುಗಿಸಿ ತೋರಿಸಿದರು. ತೋರಿಸುವಾಗ ಅವರ ಮುಖವೂ ಬಿಳುಚಿತ್ತು. ನಂತರ ಅದನ್ನು ಹರಿದು ಮಡಿಸಿ ಜೇಬಿನಲ್ಲಿಟ್ಟುಕೊಂಡು, ಎರಡು ತಿಂಗಳು ಕೊಡುತ್ತೇನೆ, ಎಲ್ಲವನ್ನೂ ಮೊದಲಿನಿಂದ ಮಾಡಿಕೊಂಡು ಬಾ, ಆಗದಿದ್ದರೆ ಆನರ್ಸ್ ಇಲ್ಲ ಎಂದರು. ಯಶೋಧರಾ ಮೇಡಂ ಎದ್ದು ಬಂದು ಮೆಹನಾಜಳ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡರು.

ಎರಡು ತಿಂಗಳಲ್ಲಿ ಎರಡು ಸಾವಿರ ಫೋಟೊ ತೆಗೆಯುವುದು ಸುಲಭವಲ್ಲ. ಆದರೆ ಮೆಹನಾಜ್ ಮೊದಲ ಹದಿನೈದು ದಿನ ಒಂದು ಫೋಟೊವನ್ನೂ ತೆಗೆಯಲಿಲ್ಲ. ಅಬ್ಬಾನ ಜೊತೆ ಕೂತು, ಯಾರ್ಯಾರ ಫೋನಿಗೆ ಆ್ಯಪ್ ಹಾಕಿಕೊಟ್ಟಿರಿ ಹೇಳಿ ಎಂದು ಒಂದೊಂದೇ ಹೆಸರು ನೆನಪಿಸಿ ಬರೆಸಿಕೊಂಡಳು. ಲೆಕ್ಕ ನಲವತ್ತೊಂದಾಯಿತು. ನೆಟ್ ಬೇಡವೆಂದು ಮಾಡಿದ್ದರಿಂದ ಕೂತಲ್ಲಿಂದ ಅದನ್ನು ನಿಲ್ಲಿಸುವಂತಿರಲಿಲ್ಲ. ಹೋಗಿ, ಫೋನ್ ಕೈಗೆ ಇಸಿದುಕೊಂಡು ಅಳಿಸಬೇಕಿತ್ತು. ಮಿಲ್ಲುಗಳ ಒಳಗೆ ಈಗ ಅವಳೇ ಹೋದಳು. ಗೊತ್ತಿಲ್ಲದ ಗಂಡಸರ ಮುಂದೆ ನಿಂತು, ನಾನು ಮಾಡಿದ್ದು ತಪ್ಪಾಗಿದೆ, ಫೋನ್ ಕೊಡಿ ಎಂದು ಕೇಳಿದಳು. ಕೆಲವರು ರೇಗಿಸಿದರು, ಕೆಲವರು ಟೀ ಕುಡಿಸಿದರು. ದನಿ ಆಗಲೂ ನಡುಗುತ್ತಿತ್ತು, ಆದರೂ ಕೇಳಿಸುತ್ತಿತ್ತು. ನಲವತ್ತು ಫೋನುಗಳಲ್ಲಿ ಅಳಿಸಿದ್ದಾಯಿತು.

ಉಳಿದದ್ದು ಒಂದು. ಕೊಪ್ಪದ ಸಂತೆಯಲ್ಲಿ ಟೀ ಕುಡಿಯುತ್ತ ಕೂತಿದ್ದವನದು. ಅವನ ಹೆಸರು ಖದೀರನಿಗೆ ಗೊತ್ತಿಲ್ಲ. ಊರು ಗೊತ್ತಿಲ್ಲ. ನೀಲಿ ಅಂಗಿ ಹಾಕಿದ್ದ, ಮರದ ವ್ಯಾಪಾರ ಅಂದಿದ್ದ, ಅದೂ ಸರಿಯಾಗಿ ನೆನಪಿಲ್ಲ. ಮೂರು ಸಂತೆ ದಿನ ಇಬ್ಬರೂ ಹೋಗಿ ಟೀ ಅಂಗಡಿಯ ಮುಂದೆ ಕಾದರು. ಯಾರೂ ಬರಲಿಲ್ಲ.

ಮೆಹನಾಜ್ ಈಗ ಹೊಸ ಫೋಟೊಗಳನ್ನು ತೆಗೆಯುತ್ತಿದ್ದಾಳೆ, ಒಂದೊಂದು ತುಂಡನ್ನೂ ಒಮ್ಮೆ ಒಣಗಿಸಿ, ಒಮ್ಮೆ ನೆನೆಸಿ. ಕೆಲಸ ಸಾಗುತ್ತಿದೆ. ಆದರೆ ಕೊಡಗಿನ ಕಡೆ ಮೋಡ ಕಟ್ಟುವುದು ಕಂಡರೆ ಕೈ ನಿಂತುಹೋಗುತ್ತದೆ. ಎಲ್ಲೋ ಒಬ್ಬನ ಜೇಬಿನಲ್ಲಿ ಅವಳು ಮಾಡಿದ್ದು ಇನ್ನೂ ಇದೆ, ಮತ್ತು ಅವನು ಅದನ್ನು ನಂಬಿದ್ದಾನೆ.